‘ಕಚ್ಚಾ ಪ್ರೋಟೀನ್’ ಮತ್ತು ‘ಅಗತ್ಯ’: ಕೋಳಿ ಮೇವಿನ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಗಿರಿರಾಜ, ಸ್ವರ್ಣಧಾರ ಕೋಳಿಗಳನ್ನು ಹಿತ್ತಲಲ್ಲಿ ಬಿಟ್ಟು ಸಾಕುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. (ಇವು ನಾಟಿ ತಳಿಗಳಲ್ಲ. ಹಾಗಾಗಿ ‘ನಾಟಿ ಕೋಳಿ’ ಅನ್ನದೆ ‘ಬಿಟ್ಟು ಸಾಕಿದ ಕೋಳಿ’ ಎಂದೇ ಬರೆದಿದ್ದೇನೆ.) ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಕಚ್ಚಾ ಪ್ರೋಟೀನ್’, ಅಂದರೆ ಇಂಗ್ಲಿಷಿನ ‘ಕ್ರೂಡ್ ಪ್ರೋಟೀನ್’. ಓದಿದವರು ಬೇಯಿಸದ ಪ್ರೋಟೀನ್ ಅಂದುಕೊಳ್ಳುತ್ತಾರೆ. ಹಿಂಡಿ ಬೇಯಿಸಿ ಹಾಕಬೇಕಾ ಅಂತಲೂ ಕೇಳುತ್ತಾರೆ! ಇದು ಲ್ಯಾಬಿನ ಲೆಕ್ಕ ಅಷ್ಟೇ. ಪ್ರೋಟೀನಿನಲ್ಲಿ ಸರಾಸರಿ 16% ಸಾರಜನಕ ಇರುತ್ತದೆ. ಹಾಗಾಗಿ ಮೇವಿನ ಸಾರಜನಕ ಅಳೆದು 6.25ರಿಂದ (100 ÷ 16) ಗುಣಿಸುತ್ತಾರೆ. ಯೂರಿಯಾ ಬೆರೆಸಿದ್ದರೆ ಅದೂ ಪ್ರೋಟೀನ್ ಲೆಕ್ಕಕ್ಕೇ ಸೇರುತ್ತದೆ. ನನಗೆ ‘ಅಂದಾಜು ಪ್ರೋಟೀನ್’ ಸರಿ ಅನ್ನಿಸುತ್ತದೆ. ‘ಒಟ್ಟು ಪ್ರೋಟೀನ್’ ಬೇಡ, ಅದರಲ್ಲಿ ಇಲ್ಲದ ಖಚಿತತೆ ಕಾಣುತ್ತದೆ.

ಎರಡನೆಯದು ‘ಅಗತ್ಯ’. ‘ಮೊಟ್ಟೆ ಕೋಳಿಗೆ 16% ಪ್ರೋಟೀನ್ ಅಗತ್ಯ’ ಎಂದು ಬರೆಯುವುದು ರೂಢಿ. ಆದರೆ ಕೋಳಿಗೆ ಬೇಕಾಗಿರುವುದು ಗ್ರಾಂ, ಶೇಕಡಾ ಅಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಪಟ್ಟಿಯಲ್ಲಿ ಬಿಳಿ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 15 ಗ್ರಾಂ ಪ್ರೋಟೀನ್ ಎಂದಿದೆ. ಅದು 100 ಗ್ರಾಂ ಮೇವು ತಿಂದರೆ 15% ಸಾಕು. 80 ಗ್ರಾಂ ಮಾತ್ರ ತಿಂದರೆ 18.8% ಬೇಕು. ಅಗತ್ಯ ಒಂದೇ, ಶೇಕಡಾ ಬೇರೆ. ಗೂಡಿನ ಕೋಳಿಯಲ್ಲಿ ಈ ಎರಡನ್ನೂ ಕಲಸಿದರೂ ಹೇಗೋ ನಡೆಯುತ್ತದೆ, ಅದು ತಿನ್ನುವುದನ್ನು ತೂಗಬಹುದಲ್ಲ. ಬಿಟ್ಟು ಸಾಕಿದ ಕೋಳಿ ಗೆದ್ದಲು, ಹುಳ, ಸೊಪ್ಪು, ಚೆಲ್ಲಿದ ರಾಗಿ ಎಲ್ಲ ತಿಂದು ಬರುತ್ತದೆ. ಮಳೆ ಬಿದ್ದಾಗ ಹುಳ ಜಾಸ್ತಿ. ಸುಗ್ಗಿಯಲ್ಲಿ ಕಾಳು ಜಾಸ್ತಿ, ಆದರೆ ರಾಗಿಯಲ್ಲಿ ಪ್ರೋಟೀನ್ ಸುಮಾರು 7% ಮಾತ್ರ. ಅದರ ಮೇಲೆ, ಮೊಟ್ಟೆ ಕಡಿಮೆ ಇಡುವ ಕೋಳಿಗೆ ಅಗತ್ಯವೂ ಕಡಿಮೆ. ಸುಮ್ನೆ 16% ಅಂತ ಅಚ್ಚು ಹಾಕಿದರೆ ಓದುವವರಿಗೆ ಏನು ಉಪಯೋಗ?

ಹಾಗಾಗಿ ‘ಅಗತ್ಯ’ವನ್ನು ದಿನದ ಗ್ರಾಂಗೆ, ‘ಪ್ರಮಾಣ’ವನ್ನು ಮೇವಿನ ಶೇಕಡಾಗೆ ಇಟ್ಟುಕೊಂಡಿದ್ದೇನೆ. ಹೊರಗೆ ಸಿಗದೆ ಉಳಿದು, ನಾವು ಶೇಂಗಾ ಹಿಂಡಿಯಂಥದ್ದು ಹಾಕಿ ತುಂಬಬೇಕಾದ ಪಾಲಿಗೆ ಏನನ್ನೋಣ? ‘ಕೊರತೆ’ ಅಂದರೆ ಕಾಯಿಲೆಯ ಹಾಗೆ ಕೇಳಿಸುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. ಕೋಳಿ ಹೊರಗೆ ಏನು ತಿಂದಿದೆ ಎಂದು ತಿಳಿಯಲು ಸಂಶೋಧಕರು ಅದರ ಕೊರಳ ಬುಡದ ಚೀಲ ಬಿಚ್ಚಿ ನೋಡುತ್ತಾರೆ. ಸಂಜೆ ಕಾಳು ತುಂಬಿ ಉಬ್ಬಿರುತ್ತದಲ್ಲ, ಅದೇ. ನಿಮ್ಮ ಕಡೆ ಅದಕ್ಕೆ ಏನಂತಾರೆ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.