‘ಶಾರೆಟ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆಯೊಳಗೆ ಬೇಕು

ಗೆಳೆಯರೇ,

ಬಡಾವಣೆ ಯೋಜನೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡಿಸೈನ್ ಶಾರೆಟ್’ ಅನ್ನೋ ಮಾತು ಪುಟಪುಟದಲ್ಲೂ ಬರುತ್ತದೆ. ಬಾಗಿಲಿಗೆ ಹಾಕುವ ಬೋರ್ಡಿಗೂ ಅದೇ ಬೇಕು. ಬೋರ್ಡು ನಾಳೆ ಅಚ್ಚಿಗೆ ಹೋಗುತ್ತದೆ.

‘ಕಾರ್ಯಾಗಾರ’ ಸಾಲದು. ಅಲ್ಲಿಗೆ ಜನ ಕಲಿಯಲು ಬರುತ್ತಾರೆ. ಇಲ್ಲಿ ಆ ಜಾಗದಲ್ಲಿ ಬದುಕುವವರು, ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ನಾಲ್ಕೈದು ದಿನ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಬೆಳಿಗ್ಗೆ ಅಜ್ಜಿಯೊಬ್ಬರು “ಈ ತಿರುವಿನಲ್ಲಿ ರಸ್ತೆ ದಾಟೋಕೆ ಆಗಲ್ಲ” ಅಂದರೆ ಅಲ್ಲೇ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ತಿದ್ದುತ್ತಾರೆ. ಸಂಜೆ ಅದನ್ನೇ ಗೋಡೆಗೆ ಹಚ್ಚಿ “ಈಗ ಸರಿ ಹೋಯ್ತಾ?” ಅಂತ ಅವರನ್ನೇ ಕೇಳುತ್ತಾರೆ. ಪದದಲ್ಲಿ ಈ ಕೆಲಸ ಕಾಣಬೇಕು.

—

ಶಾರೆಟ್ ಅಂದರೆ ಫ್ರೆಂಚಿನಲ್ಲಿ ಗಾಡಿ. 19ನೇ ನೂರೇಡಿನಲ್ಲಿ ಪ್ಯಾರಿಸ್ಸಿನ ಕಲೆ-ವಾಸ್ತುಶಿಲ್ಪದ ಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಗಡುವು ಮುಗಿದಾಗ ಹುಡುಗರ ಚಿತ್ರಗಳನ್ನು ಒಯ್ಯಲು ಗಾಡಿ ಬರುತ್ತಿತ್ತು. ಅದು ಬಂದರೂ ತಿದ್ದುವುದು ನಿಲ್ಲುತ್ತಿರಲಿಲ್ಲವಂತೆ, ಅದಕ್ಕೇ ಈ ಹೆಸರು. ನಮ್ಮಲ್ಲಿ ‘ಬಂಡಿ’ ಇದೆ. ‘ಬಂಡಿಕೂಟ’ ಅನ್ನಿ, ಮುಗೀತು.

—

> ಬಂಡಿಕೂಟ

ಆಗಲ್ಲ. ಬೋರ್ಡು ಓದಿದವರು ಗಾಡಿ ನಿಲ್ಲಿಸುವ ಜಾಗ ಅಂದುಕೊಳ್ಳುತ್ತಾರೆ. ಸುಮ್ನೆ ‘ಸಾರ್ವಜನಿಕ ಸಮಾಲೋಚನೆ’ ಅಂತ ಹಾಕಿ.

—

ಸಮಾಲೋಚನೆ ಖಂಡಿತ ಬೇಡ. ಅಮೆರಿಕದ ನಗರ ಯೋಜನೆ ಚಿಂತಕಿ ಶೆರ‍್ರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ 8 ಮೆಟ್ಟಿಲಿನ ಏಣಿಯೊಂದನ್ನು ಹಾಕಿಕೊಟ್ಟರು. ಅದರಲ್ಲಿ ಸಮಾಲೋಚನೆ 4ನೇ ಮೆಟ್ಟಿಲು. ಜನರ ಮಾತು ಕೇಳುತ್ತಾರೆ, ಅದು ನಡೆಯುತ್ತದೆ ಅನ್ನೋ ಖಾತ್ರಿ ಇಲ್ಲ. ಪಾಲುದಾರಿಕೆ ಬರುವುದು 6ನೆಯದರಲ್ಲಿ. ಬೋರ್ಡಿನಲ್ಲೇ ಜನರನ್ನು ಎರಡು ಮೆಟ್ಟಿಲು ಕೆಳಗಿಳಿಸಬೇಡಿ.

‘ಕಮ್ಮಟ’ ಇದೆಯಲ್ಲ! ಹಿಂದೆ ಅದು ನಾಣ್ಯ ಹೊಯ್ಯುವ ಜಾಗ. ಒಳಗೆ ಹೋದ ಲೋಹ ನಾಣ್ಯವಾಗಿಯೇ ಹೊರಗೆ ಬರಬೇಕು. ಶಾರೆಟ್ಟಿನಲ್ಲೂ ಕೊನೆಯ ದಿನ ಮಾತಷ್ಟೇ ಉಳಿದರೆ ಸಾಲದು, ನಕ್ಷೆ ಕೈಯಲ್ಲಿರಬೇಕು. ‘ನಕ್ಷೆ ಕಮ್ಮಟ’ ಅನ್ನಿ.

—

ನಕ್ಷೆ ಅರಬ್ಬಿಯದು. ಒಪ್ಪಲ್ಲ.

—

ರಸ್ತೆ ಪಾರಸಿ, ಜಮೀನು ಪಾರಸಿ, ಅರ್ಜಿ ಅರಬ್ಬಿ. ಇವನ್ನೆಲ್ಲ ಹೊರಗಿಟ್ಟು ಯೋಜನೆಯ ಬಗ್ಗೆ ಒಂದು ಪುಟ ಬರೆದು ತೋರಿಸಿ, ಆಮೇಲೆ ಮಾತಾಡೋಣ. ನಕ್ಷೆ ಅಂದರೆ ಆ ಅಜ್ಜಿಗೂ ಗೊತ್ತು. ‘ಶಾರೆಟ್’ ಬೇಡ ಅನ್ನುವುದಕ್ಕೆ ನನ್ನ ಕಾರಣ ಇಷ್ಟೇ: ಕೇಳಿದವರಿಗೆ ಅರ್ಥವಾಗಲ್ಲ. ಫ್ರೆಂಚ್ ಅನ್ನುವುದು ನನಗೆ ತಕರಾರೇ ಅಲ್ಲ.

—

> ಅರ್ಥವಾಗಲ್ಲ

ಬಳಸಿದರೆ ಅರ್ಥವಾಗುತ್ತದೆ. ಬಸ್ಸು ಆಗಲಿಲ್ವಾ? ಎರವಲಿಗೆ ಇಷ್ಟು ಹೆದರಿಕೆ ಯಾಕೆ?

—

ಎಲ್ಲರಿಗೂ ವಂದನೆ. ಬೋರ್ಡಿಗೆ ‘ನಕ್ಷೆ ಕಮ್ಮಟ’ ಕಳಿಸಿದೆ. ಕೈಪಿಡಿಯಲ್ಲಿ ಮೊದಲ ಸಲ ಬಂದಾಗ ಮಾತ್ರ ‘ಶಾರೆಟ್’ ಜೊತೆಗಿರುತ್ತದೆ. ಇನ್ನೊಂದು ಕಡೆ ಸಿಕ್ಕಿಕೊಂಡಿದ್ದೇನೆ. ಕಮ್ಮಟಕ್ಕೆ ಬರುವವರನ್ನು ‘ಶಿಬಿರಾರ್ಥಿ’ ಅನ್ನಲು ಮನಸ್ಸಿಲ್ಲ, ಅವರು ಕಲಿಯಲು ಬಂದವರಲ್ಲ. ‘ಪಾಲುದಾರರು’ ಅಂದರೆ ವ್ಯಾಪಾರದ ವಾಸನೆ ಬರುತ್ತದಾ?