ಗೋಬಿ ಮಂಚೂರಿ ಯಾವೂರಿನದು

(ಬೆಂಗಳೂರು, ಕೇಟರಿಂಗ್ ಕೋರ್ಸ್ ಬ್ಯಾಚ್‌ನ ವಾಟ್ಸಾಪ್ ಗುಂಪು. ಪ್ರಕಾಶ ಹಂಚಿದ ಫಾರ್ವರ್ಡ್: "ಗೋಬಿ, ಮೋಮೋ ಹೊರಗಿನವರ ತಿಂಡಿ. ಗೋಬಿಯನ್ನು ಸರ್ಕಾರವೇ ನಿಷೇಧಿಸಿದೆ. ಮಕ್ಕಳಿಗೆ ನಮ್ಮ ತಿಂಡಿ ಕೊಡಿ.")

ಪ್ರಕಾಶ: ಬ್ಯಾಚ್ ಮೀಟ್ ಮೆನುವಿನಿಂದ ಗೋಬಿ ತೆಗೀರಿ. 60 ಜನಕ್ಕೆ ಮುದ್ದೆ, ಬಸ್ಸಾರು, ಕೋಸಂಬರಿ ಸಾಕು.

ಶೈಲಜಾ: ಬಸ್ಸಾರಿಗೆ ನನ್ನ ತಕರಾರಿಲ್ಲ. ಆದ್ರೆ ಈ ಫಾರ್ವರ್ಡ್ ತಪ್ಪು ಕಣೋ. 2024ರ ಮಾರ್ಚ್‌ನಲ್ಲಿ ಇಲ್ಲಿ ನಿಷೇಧ ಆಗಿದ್ದು ಗೋಬಿಗೆ ಹಾಕೋ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ಹಾಕೋ ರೋಡಮೈನ್-ಬಿ ಅನ್ನೋ ರಾಸಾಯನಿಕ ಬಣ್ಣ. ಗೋಬಿ ಮಾರೋಕೆ ಯಾವ ಅಡ್ಡಿಯೂ ಇಲ್ಲ.

ಪ್ರಕಾಶ: ಬಣ್ಣ ಹಾಕದೆ ಅದು ಕೆಂಪಗಾಗುತ್ತಾ?

ಶೈಲಜಾ: ಬ್ಯಾಡಗಿ ಇದ್ಯಲ್ಲ. ಬ್ಯಾಡಗಿಯ ಕೆಂಪು ಕರಗೋದು ಎಣ್ಣೆಯಲ್ಲಿ. ಪುಡಿಯನ್ನ ಬರೀ ನೀರಲ್ಲಿ ಕಲಸ್ತಾರೆ, ಮಂಕಾಗುತ್ತೆ, ಆಮೇಲೆ ಬಣ್ಣದ ಡಬ್ಬಿಗೆ ಕೈ ಹಾಕ್ತಾರೆ. ಬಿಡಿಸಿದ ಹೂಕೋಸು 1 ಕೆಜಿಗೆ ಬ್ಯಾಡಗಿ ಪುಡಿ 15 ಗ್ರಾಂ ತಗೊಂಡು, 2 ದೊಡ್ಡ ಚಮಚ ಬೆಚ್ಚಗಿನ ಎಣ್ಣೆಯಲ್ಲಿ 10 ನಿಮಿಷ ನೆನೆಸಿ. ಮೈದಾ 150 ಗ್ರಾಂ, ಕಾರ್ನ್‌ಫ್ಲೋರ್ 150, ಅಕ್ಕಿಹಿಟ್ಟು 30, ಉಪ್ಪು, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಸೇರಿಸಿ, ಸುಮಾರು 275 ಮಿಲಿ ತಣ್ಣೀರಲ್ಲಿ ಕಲಸಿ, ಈ ಎಣ್ಣೆ ಬೆರೆಸಿ. ಅಂಗಡಿಯ ಕಡುಗೆಂಪು ಬರಲ್ಲ, ಇಟ್ಟಿಗೆ ಬಣ್ಣ ಬರುತ್ತೆ. ಅದು ಇರಬೇಕಾದ್ದೇ ಹಾಗೆ.

ಸತೀಶ: ಅಕ್ಕಿಹಿಟ್ಟು ಬಿಡಬೇಡಿ ಮಾರಾಯ್ರೆ, ಗರಿಗರಿ ನಿಲ್ಲೋದೇ ಅದರಿಂದ. ಹೂಕೋಸನ್ನ ಉಪ್ಪು, ಅರಿಶಿನ ಹಾಕಿದ ಕುದಿಯೋ ನೀರಲ್ಲಿ 2 ನಿಮಿಷ ಇಟ್ಟು ತೆಗೆದು, ಬಟ್ಟೆ ಮೇಲೆ 20 ನಿಮಿಷ ಹರಡಬೇಕು. ಒದ್ದೆ ಇದ್ರೆ ಹಿಟ್ಟು ಜಾರಿ ಬಾಣಲೆಯ ತಳಕ್ಕೆ ಕೂರುತ್ತೆ. ಮೊದಲ ಸಲ 160 ಡಿಗ್ರಿಯಲ್ಲಿ 4 ನಿಮಿಷ ಕರಿದು ತೆಗೆದು 10 ನಿಮಿಷ ಬಿಡಿ. ಒಳಗಿನ ನೀರು ಅಷ್ಟರಲ್ಲಿ ಮೇಲ್ಪದರಕ್ಕೆ ಬರುತ್ತೆ, ಅದನ್ನ ಓಡಿಸೋಕೆ 180ರಲ್ಲಿ ಇನ್ನೊಂದು ನಿಮಿಷ. ಒಂದೇ ಸಲ ಜೋರು ಉರಿಯಲ್ಲಿ ಕರಿದ್ರೆ ಮೆಣಸಿನಪುಡಿ ಸೀದು ಕಪ್ಪಾಗುತ್ತೆ, ಹೂಕೋಸು ಮೆತ್ತಗೇ ಉಳಿಯುತ್ತೆ.

ಪ್ರಕಾಶ: ವಿಧಾನ ಒಪ್ಪಿದೆ. ನಾನು ಕೇಳಿದ್ದು ಬೇರೆ. ಅದು ನಮ್ಮದಾ?

ನಾಗರಾಜ: ಮುದ್ದೆಯ ರಾಗಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಸಾವಿರಾರು ವರ್ಷದ ಹಿಂದೆ ಬಂದದ್ದು. ಬಸ್ಸಾರಿನ ಖಾರ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅದಕ್ಕೂ ಮುಂಚೆ ನಮಗೆ ಖಾರ ಅಂದ್ರೆ ಕಾಳುಮೆಣಸು, ಅದಕ್ಕೇ ಹೊಸ ಕಾಯಿಗೆ ಮೆಣಸಿನಕಾಯಿ ಅಂದ್ವಿ. ಪರಂಗಿ ಹಣ್ಣು, ಸೀಮೆಬದನೆ: ಎಲ್ಲಿಂದ ಬಂತು ಅನ್ನೋದು ಹೆಸರಲ್ಲೇ ಇದೆ. ಸೀಮೆಬದನೆಯನ್ನ ಇಲ್ಲಿ ನೆಲೆ ಮಾಡಿಸಿದ್ದು ಲಾಲ್‌ಬಾಗ್ ನೋಡಿಕೊಳ್ತಿದ್ದ ಜಾನ್ ಕ್ಯಾಮೆರಾನ್.

ಪ್ರಕಾಶ: ನಾಗು, ಬೀಜ ಬರೋದು ಬೇರೆ, ಜನ ಬರೋದು ಬೇರೆ. ರಾಗಿ ಬಂತು ಸರಿ, ಅದನ್ನ ಗಂಟಿಲ್ಲದೆ ತೊಳಸಿ ಮುದ್ದೆ ಕಟ್ಟಿದ್ದು ನಮ್ಮ ಕೈ. ಗೋಬಿಯಲ್ಲಿ ಕೈಯೂ ಬೇರೆಯವರದು.

ರಹಮತ್: ಅಲ್ಲೇ ನಾನು ಒಪ್ಪಲ್ಲ ಪ್ರಕಾಶ. ಕೈ ಬಂದಿದ್ದೇ ದೊಡ್ಡ ಲಾಭ. ಕೋಲ್ಕತ್ತಾದ ಹಕ್ಕಾ ಜನ, ಅಂದ್ರೆ ಚೀನಾದಿಂದ ಬಂದು ನೆಲೆಸಿದ ಸಮುದಾಯ, ತಲೆಮಾರುಗಳಿಂದ ಅಲ್ಲಿ ಚರ್ಮ ಹದ ಮಾಡ್ತಾ, ಹೋಟೆಲ್ ನಡೆಸ್ತಾ ಬಂದವರು. ಕೋಲ್ಕತ್ತಾದಲ್ಲೇ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್‌ನಲ್ಲಿ ಚಿಕನ್ ಮಂಚೂರಿ ಮಾಡಿದರು ಅಂತ ಹೇಳೋದು ರೂಢಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ನಮ್ಮ ಒಗ್ಗರಣೆಯ ಹಾಗೆಯೇ ಹಾಕಿ, ಗರಂ ಮಸಾಲೆಯ ಜಾಗಕ್ಕೆ ಸೋಯಾ ಸಾಸ್, ಕಾರ್ನ್‌ಫ್ಲೋರ್ ತಂದರು. ಅದರಲ್ಲಿ ಕೋಳಿ ಬದಲು ಹೂಕೋಸು ಹಾಕಿದ್ದೇ ಗೋಬಿ ಮಂಚೂರಿ. ಈ ತಿಂಡಿ ಹುಟ್ಟಿದ್ದೇ ನಮ್ಮ ದೇಶದಲ್ಲಿ. ಅದೇ ಜನರಲ್ಲಿ ಎಷ್ಟೋ ಮಂದಿಯನ್ನ 1962ರಲ್ಲಿ ಚೀನಾ ಜೊತೆ ಯುದ್ಧ ಶುರುವಾದ ಮೇಲೆ ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದರು. ಅವರ ಅಡುಗೆ ತಿಂದು ಅವರನ್ನ ಹೊರಗಿನವರು ಅನ್ನೋದು ನನಗೆ ನೋವು ಕೊಡುತ್ತೆ.

ಶೈಲಜಾ: ಮೋಮೋನೂ ಅಷ್ಟೇ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ಟಿಬೆಟನ್ನರು ಇದ್ದಾರೆ. ಕಡುಬು ನಮಗೂ ಗೊತ್ತು. ಆದ್ರೆ ಹಾಳೆಯ ಅಂಚು ತೆಳ್ಳಗೆ, ನಡು ದಪ್ಪ ಲಟ್ಟಿಸೋದನ್ನ ಅವರ ಕೈ ನೋಡಿಯೇ ಕಲಿಬೇಕು. ನಡು ತೆಳ್ಳಗಾದ್ರೆ ತಳ ಹರಿದು ರಸ ಸೋರುತ್ತೆ.

ಪ್ರಕಾಶ: ದೇವಲಿ ವಿಷಯ ನನಗೆ ಗೊತ್ತಿರಲಿಲ್ಲ ರಹಮತ್. ಫಾರ್ವರ್ಡ್ ಅಳಿಸ್ತೀನಿ. ಆದ್ರೆ ಮುದ್ದೆ ಬಿಡಲ್ಲ. ಮತ್ತೆ ಮೆನುವಿನಲ್ಲಿ "ಚೈನೀಸ್" ಅಂತ ಬರೀಬೇಡಿ. "ಕೋಲ್ಕತ್ತಾ ಹಕ್ಕಾ ಅಡುಗೆ" ಅಂತ ಬರೀರಿ.

ರಹಮತ್: ಬರೀತೀನಿ.

ಶೈಲಜಾ: 60 ಜನಕ್ಕೆ ಬಿಡಿಸಿದ್ದು 6 ಕೆಜಿ ಬೇಕು. ಎಲೆ, ದಂಟು ಹೋಗುತ್ತೆ, ಹಾಗಾಗಿ ಮಾರ್ಕೆಟ್‌ನಲ್ಲಿ 10 ಕೆಜಿ ತಗೊಳ್ಳಿ. ಮೊದಲ ಕರಿಯೋದನ್ನ ಬೆಳಿಗ್ಗೆಯೇ ಮುಗಿಸಿ. ಎರಡನೆಯದು ಮತ್ತು ಸಾಸ್‌ನಲ್ಲಿ ಹೊರಳಿಸೋದು ಬಡಿಸೋ ಹೊತ್ತಿಗೆ, ಒಂದೊಂದು ಕೆಜಿಯಂತೆ. ಸಾಸ್ ಹಾಕಿ 5 ನಿಮಿಷ ಮೀರಿದ್ರೆ ಗರಿ ಹೋಯ್ತು.

ಸತೀಶ: ಎರಡು ಬಾಣಲೆ ನಾನು ತರ್ತೇನೆ.