ಸೆಕೆಂಡ್ ಹ್ಯಾಂಡ್ ಗಿಟಾರಿನ ಸ್ವರ ತೀರಾ ಸಣಕಲು, ಯಾವ ಪಿಕಪ್ ಹಾಕಿಸಲಿ?

ಎಳೆತಂತಿ:
ಬಳಸಿದ ಎಲೆಕ್ಟ್ರಿಕ್ ಗಿಟಾರೊಂದನ್ನು ಇತ್ತೀಚೆಗೆ ಕೊಂಡೆ. ಕೊಳ್ಳುವ ಮುನ್ನ ನೋಡಬೇಕಾದದ್ದನ್ನೆಲ್ಲ ನೋಡಿದ್ದೆ. ನೆಕ್ ತಿರುಚಿಕೊಂಡಿಲ್ಲ, ಟ್ರಸ್ ರಾಡ್ ಸಲೀಸಾಗಿ ತಿರುಗುತ್ತದೆ, ಫ್ರೆಟ್‌ಗಳು ಸವೆದಿಲ್ಲ, ಹನ್ನೆರಡನೆಯ ಫ್ರೆಟ್ಟಿನಲ್ಲಿಯೂ ಶ್ರುತಿ ಸರಿಯಾಗಿಯೇ ನಿಲ್ಲುತ್ತದೆ. ಆದರೆ ಮನೆಗೆ ತಂದು ಡಿಸ್ಟಾರ್ಷನ್ ಇಲ್ಲದೆ ನುಡಿಸಿದಾಗ ಕಾರ್ಡುಗಳು ತಗಡಿನ ಡಬ್ಬವನ್ನು ಬಡಿದಂತೆ ಕೇಳಿಸುತ್ತಿವೆ. ಸ್ವರದಲ್ಲಿ ತೂಕವೇ ಇಲ್ಲ, ಜೊತೆಗೆ ಬಿಡದೆ ಗುಂಯ್‌ಗುಡುವ ಸದ್ದು ಬೇರೆ. ತಂತಿಗಳನ್ನು ಬದಲಿಸಿದೆ, ಕೇಬಲ್ ಬದಲಿಸಿದೆ, ಆಂಪಿನ ಗುಬ್ಬಿಗಳನ್ನೆಲ್ಲ ತಿರುಗಿಸಿ ನೋಡಿದೆ, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನಲ್ಲಿ ಆಲ್ನಿಕೊ ಅಯಸ್ಕಾಂತ ಒಳ್ಳೆಯದೋ ಸೆರಾಮಿಕ್ ಒಳ್ಳೆಯದೋ ಎಂಬುದನ್ನಷ್ಟೇ ದಯವಿಟ್ಟು ತಿಳಿಸಿ. ಆಂಪ್ ಬದಲಿಸಿ ಎಂಬ ಸಲಹೆ ಬೇಡ.

ಬೆಸುಗೆಕಡ್ಡಿ:
ಪಿಕಪ್ ಕೊಳ್ಳುವ ಆತುರ ಬೇಡ, ಇದು ಪಾಟ್‌ಗಳ, ಅಂದರೆ ವಾಲ್ಯೂಮ್ ಮತ್ತು ಟೋನ್ ಗುಬ್ಬಿಗಳ ಅಡಿಯಲ್ಲಿರುವ ಬದಲಾಗುವ ರೋಧಕಗಳ ಸಮಸ್ಯೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋಓಮ್ ಪಾಟ್ ಹಾಕುವುದು ಬಹುಕಾಲದಿಂದ ಬಂದ ರೂಢಿ. ಪಾಟ್‌ನ ಮೌಲ್ಯ ಹೆಚ್ಚಾದಷ್ಟೂ ಪಿಕಪ್ಪಿನ ಮೇಲಿನ ಹೊರೆ ಇಳಿಯುತ್ತದೆ, ಮೇಲಿನ ಕಂಪನಾಂಕಗಳು ಹೆಚ್ಚು ಉಳಿಯುತ್ತವೆ, ಸ್ವರ ಚೂಪಾಗುತ್ತದೆ. ನಿಮ್ಮ ಸಿಂಗಲ್ ಕಾಯಿಲ್‌ಗಳಿಗೆ ಹಿಂದಿನ ಮಾಲೀಕರು 500ರ ಪಾಟ್ ಹಾಕಿಸಿರುವುದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡು ಪಾಟ್ ಬದಲಿಸಿ, ಟೋನ್ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್ ಇದ್ದರೆ 0.047 ಹಾಕಿ, ಕೆಲಸ ಮುಗಿಯುತ್ತದೆ.

ನಡುಫ್ರೆಟ್:
ಸಿಂಗಲ್ ಕಾಯಿಲ್ ಎಂದು ಅವರು ಎಲ್ಲಿಯೂ ಬರೆದಿಲ್ಲವಲ್ಲ. ಎಳೆತಂತಿಯವರೇ, ಗಿಟಾರಿನಲ್ಲಿ ಯಾವ ಬಗೆಯ ಪಿಕಪ್‌ಗಳು ಎಷ್ಟಿವೆ, ಯಾವುದರಲ್ಲಿ ತೊಂದರೆಯಿದೆ, ತಂತಿಯನ್ನು ಕೈಯಿಂದ ಮುಟ್ಟಿದಾಗ ಗುಂಯ್ ಸದ್ದು ತಗ್ಗುತ್ತದೆಯೇ ಹೆಚ್ಚುತ್ತದೆಯೇ, ಇವಿಷ್ಟನ್ನು ಮೊದಲು ತಿಳಿಸಿ. ಪಿಕಪ್ಪಿನ ಎತ್ತರವನ್ನೂ ಒಮ್ಮೆ ಅಳೆಯಿರಿ. ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದಾಗ ತಂತಿಯ ಅಡಿಯಿಂದ ಬ್ರಿಡ್ಜ್ (ದೇಹದ ಮೇಲೆ ತಂತಿಗಳು ಕೂರುವ ಆಸರೆ) ಬಳಿಯ ಹಂಬಕರ್‌ಗೆ ಸುಮಾರು 1.6 ಮಿಲಿಮೀಟರ್, ನೆಕ್ ಬಳಿಯ ಹಂಬಕರ್‌ಗೆ ಸುಮಾರು 2.4 ಮಿಲಿಮೀಟರ್ ಅಂತರವಿದ್ದರೆ ಅಲ್ಲಿಂದ ಕಿವಿಗೆ ಒಪ್ಪುವಂತೆ ಹೊಂದಿಸಿಕೊಳ್ಳಬಹುದು.

ಎಳೆತಂತಿ:
ಎರಡು ಹಂಬಕರ್‌ಗಳು, ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸ್ವಿಚ್. ತೊಂದರೆ ಇರುವುದು ಬ್ರಿಡ್ಜ್ ಪಿಕಪ್ಪಿನಲ್ಲಿ ಮಾತ್ರ. ನೆಕ್ ಪಿಕಪ್ ತುಂಬಿಕೊಂಡು ನುಡಿಯುತ್ತದೆ, ಅದರಲ್ಲಿ ಗುಂಯ್ ಸದ್ದೂ ಇಲ್ಲ. ತಂತಿ ಮುಟ್ಟಿದರೆ ಸದ್ದು ಸ್ವಲ್ಪ ತಗ್ಗುತ್ತದೆ, ಆದರೆ ಹೋಗುವುದಿಲ್ಲ. ಎತ್ತರ ನೀವು ಹೇಳಿದ ಅಳತೆಗೆ ಹತ್ತಿರದಲ್ಲಿಯೇ ಇದೆ. ಬ್ರಿಡ್ಜ್ ಪಿಕಪ್ಪನ್ನು ಹಿಂದಿನ ಮಾಲೀಕರು ಬದಲಿಸಿದ್ದರಂತೆ, ಒಳ್ಳೆಯ ಕಂಪನಿಯದು ಎಂದು ಹೆಮ್ಮೆಯಿಂದಲೇ ಹೇಳಿದ್ದರು. ಯಾವ ಪಿಕಪ್ ಕೊಳ್ಳಬೇಕು ಎಂಬ ನನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಬೆಸುಗೆಕಡ್ಡಿ:
ಹಂಬಕರ್ ಆದರೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿನಲ್ಲಿ ಇರುವಂತೆ 1 ಮೆಗಾಓಮ್ ಪಾಟ್‌ಗಳನ್ನು ಕೆಲವರು ಹಂಬಕರ್ ಗಿಟಾರಿಗೂ ಹಾಕಿಸುತ್ತಾರೆ, ಆಗ ಬ್ರಿಡ್ಜ್ ಪಿಕಪ್ಪೇ ಮೊದಲು ಕಿರುಚುತ್ತದೆ. ಬ್ರಿಡ್ಜಿನ ಹತ್ತಿರ ತಂತಿಯ ಅಲುಗಾಟ ಕಡಿಮೆ, ಮೂಲಸ್ವರಕ್ಕಿಂತ ಅನುಸ್ವರಗಳೇ ಅಲ್ಲಿ ಮುಂದಾಗಿ ಕೇಳುತ್ತವೆ. ನೆಕ್ ಚೆನ್ನಾಗಿದೆ, ಬ್ರಿಡ್ಜ್ ಚೆನ್ನಾಗಿಲ್ಲ ಎಂಬುದು ಪಾಟ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗದು. ಹಿಂಬದಿಯ ಮುಚ್ಚಳ ತೆಗೆದು ಪಾಟ್‌ನ ಮೇಲೆ ಏನು ಅಚ್ಚಾಗಿದೆ ಎಂದು ಓದಿ ಹೇಳಿ. 137 ಎಂದು ಆರಂಭವಾದರೆ ಅದು ಸಿಟಿಎಸ್ ಕಂಪನಿಯ ಪಾಟ್. ಹಳೆಯವುಗಳಲ್ಲಿ ಮುಂದಿನ ಎರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ವಾರ. 1377921 ಎಂದಿದ್ದರೆ 1979ರ 21ನೆಯ ವಾರ ಎಂದು ತಿಳಿಯಬೇಕು.

ಹಳೆಮರ:
ಪಾಟ್‌ನ ಸಂಕೇತದಿಂದ ಗಿಟಾರಿನ ವಯಸ್ಸು ನಿರ್ಧರಿಸಿ ಮೋಸ ಹೋದವರು ಬಹಳ ಮಂದಿ. ಪಾಟ್ ತಯಾರಾಗುವ ಮೊದಲು ಗಿಟಾರ್ ಹೊರಬಂದಿರಲಾರದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಅದೂ ಪಾಟ್ ಮೂಲದ್ದೇ ಆಗಿದ್ದರೆ. ಇನ್ನು ಸ್ವರದ ಮಾತಿಗೆ ಬಂದರೆ, ದೇಹದ ಮರ ಯಾವುದು ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ.

ನಡುಫ್ರೆಟ್:
ಅದೇ ಮರದ ಮೇಲೆ, ಅದೇ ತಂತಿಗಳ ಅಡಿಯಲ್ಲಿ ನೆಕ್ ಪಿಕಪ್ ಚೆನ್ನಾಗಿ ನುಡಿಯುತ್ತಿದೆ. ಮರದ ಚರ್ಚೆಗೆ ಪ್ರತ್ಯೇಕ ಎಳೆ ಇದೆ, ಇಲ್ಲಿ ಅದು ಬೇಡ.

ಸುರುಳಿಸುತ್ತು:
ಪಾಟ್‌ಗಳ ವಿಚಾರಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಎರಡು ಪಿಕಪ್‌ಗಳಿಗೂ ಇರುವುದು ಒಂದೇ ವಾಲ್ಯೂಮ್, ಒಂದೇ ಟೋನ್. ಪಾಟ್ ತಪ್ಪಿದ್ದರೆ ಚೂಪು ಎರಡರಲ್ಲಿಯೂ ಅಷ್ಟಿಷ್ಟಾದರೂ ಕಾಣಬೇಕು, ಮೇಲಾಗಿ ಹಂಬಕರ್ ಒಂದು ಗುಂಯ್‌ಗುಡುವುದಕ್ಕೆ ಪಾಟ್ ಕಾರಣವಾಗುವುದಿಲ್ಲ. ಬ್ರಿಡ್ಜ್ ಬಳಿ ಸ್ವರ ತೆಳುವಾಗುವುದು ಸಹಜವೇ, ಆದರೆ ಎಳೆತಂತಿಯವರು ಹೇಳುತ್ತಿರುವುದು ಅದಕ್ಕೆ ಮೀರಿದ ತೆಳುವು ಎಂದು ನನಗೆ ಅನ್ನಿಸುತ್ತದೆ.

ಮಲ್ಟಿಮೀಟರ್ ಇದ್ದರೆ ಏನನ್ನೂ ಬಿಚ್ಚದೆ ಒಂದು ಪರೀಕ್ಷೆ ಮಾಡಬಹುದು. ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಆಂಪಿಗೆ ಕೊಡದೆ ಹೊರಗಿಡಿ. ವಾಲ್ಯೂಮ್ ಪೂರ್ತಿ ಏರಿಸಿ, ಮೀಟರನ್ನು 20 ಕಿಲೋಓಮ್ ಅಳತೆಯಲ್ಲಿಟ್ಟು ಪ್ಲಗ್ಗಿನ ತುದಿಗೆ ಒಂದು ಕಡ್ಡಿ, ಬುಡಕ್ಕೆ ಇನ್ನೊಂದು ಕಡ್ಡಿ ಹಿಡಿಯಿರಿ. ಸ್ವಿಚ್ಚನ್ನು ಮೊದಲು ನೆಕ್, ಆಮೇಲೆ ಬ್ರಿಡ್ಜ್ ಸ್ಥಾನದಲ್ಲಿಟ್ಟು ಎರಡು ಅಂಕಿಗಳನ್ನೂ ಬರೆಯಿರಿ. ವಾಲ್ಯೂಮ್ ಪಾಟ್ ಪಿಕಪ್ಪಿಗೆ ಸಮಾನಾಂತರವಾಗಿ ಇರುವುದರಿಂದ ಅಂಕಿ ಕೊಂಚ ಕಡಿಮೆ ಬರುತ್ತದೆ, ಆ ವ್ಯತ್ಯಾಸ ಇಲ್ಲಿ ಲೆಕ್ಕಕ್ಕಿಲ್ಲ.

ಎಳೆತಂತಿ:
ನೆಕ್ 7.6 ಕಿಲೋಓಮ್, ಬ್ರಿಡ್ಜ್ 4.1 ಕಿಲೋಓಮ್. ಪಾಟ್‌ಗಳೆರಡರ ಮೇಲೂ 500ಕೆ ಎಂದೇ ಅಚ್ಚಾಗಿದೆ. ಬ್ರಿಡ್ಜ್ ಪಿಕಪ್ಪಿನ ಸುರುಳಿ ಸುಟ್ಟುಹೋಗಿದೆ ಎಂದು ಇದರ ಅರ್ಥವೇ? ಹಾಗಾದರೆ ಹೊಸದು ಕೊಳ್ಳಲೇಬೇಕಲ್ಲವೇ?

ಹಳೆಮರ:
ಓಮ್‌ಗಳ ಲೆಕ್ಕದಿಂದ ಪಿಕಪ್ಪಿನ ಸ್ವರ ತಿಳಿಯುವುದಿಲ್ಲ ಎಂದು ಎಷ್ಟು ಸಲ ಬರೆದರೂ ಈ ವೇದಿಕೆಯಲ್ಲಿ ಮೀಟರ್ ಹಿಡಿಯುವ ಅಭ್ಯಾಸ ಹೋಗುತ್ತಿಲ್ಲ. ನನ್ನ ಎರಡು ಲೆಸ್ ಪಾಲ್ ಗಿಟಾರುಗಳ ಪೈಕಿ ಒಂದರಲ್ಲಿ ಆಲ್ನಿಕೊ 2, ಇನ್ನೊಂದರಲ್ಲಿ ಆಲ್ನಿಕೊ 5 ಅಯಸ್ಕಾಂತದ ಪಿಕಪ್‌ಗಳಿವೆ. ಮೀಟರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸುತ್ತವೆ, ವಾಲ್ವ್ ಆಂಪಿನ ಮೂಲಕ ಕೇಳಿದರೆ ಮಾತ್ರ ಒಂದು ಮೃದು, ಇನ್ನೊಂದು ಖಡಕ್. ಸೆತ್ ಲವರ್ ಗಿಬ್ಸನ್ ಕಂಪನಿಗಾಗಿ ಹಂಬಕರ್ ರೂಪಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮೇಲೆ, ಅದು 1959ರಲ್ಲಿ ಮಂಜೂರಾಗುವವರೆಗೆ ಮಾತ್ರವಲ್ಲ, ಆಮೇಲೂ ಕೆಲವು ಕಾಲ ‘ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ’ ಎಂಬ ಚೀಟಿಯೊಂದಿಗೆ ಬಂದ ಪಿಕಪ್‌ಗಳಲ್ಲಿ ಒಂದರ ಸುತ್ತು ಇನ್ನೊಂದರ ಹಾಗಿಲ್ಲ. ಅವುಗಳನ್ನು ಜನ ಮೆಚ್ಚಿದ್ದು ಕೇಳಿ, ಅಳೆದು ಅಲ್ಲ.

ಸುರುಳಿಸುತ್ತು:
ಓಮ್‌ಗಳಿಂದ ಸ್ವರದ ಗುಣ ತಿಳಿಯುವುದಿಲ್ಲ ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. 42ನೆಯ ಗೇಜಿನ ತಂತಿಯ ಬದಲು ಇನ್ನೂ ಸಣ್ಣದಾದ 43 ಅಥವಾ 44ನೆಯ ಗೇಜಿನದನ್ನು ಸುತ್ತಿದರೆ ಸುತ್ತುಗಳು ಅಷ್ಟೇ ಇದ್ದರೂ ರೋಧ ಏರುತ್ತದೆ. ಆದ್ದರಿಂದ 16 ಕಿಲೋಓಮ್ ಪಿಕಪ್ ಎಂದರೆ 8ರದಕ್ಕಿಂತ ಎರಡು ಪಟ್ಟು ಜೋರು ಎಂದು ಭಾವಿಸಿ ಕೊಳ್ಳಬಾರದು. ಆದರೆ ನಾನು ಮೀಟರ್ ಹಿಡಿಸಿದ್ದು ಗುಣ ತಿಳಿಯಲು ಅಲ್ಲ, ದೋಷ ಹುಡುಕಲು. ಹಳೆಯ ಮಾದರಿಯ ಹಂಬಕರ್‌ಗಳು ಸಾಮಾನ್ಯವಾಗಿ 7ರಿಂದ 9 ಕಿಲೋಓಮ್ ತೋರಿಸುತ್ತವೆ, ಜೋರಾಗಿ ಸುತ್ತಿದವು ಅದಕ್ಕೂ ಮೇಲೆ. 4.1 ಎಂಬುದು ಪೂರ್ತಿ ಹಂಬಕರ್‌ನ ಅಂಕಿಯಲ್ಲ, ಅರ್ಧದ ಅಂಕಿ. ಸುರುಳಿಯ ತಂತಿ ಎಲ್ಲಿಯಾದರೂ ತುಂಡಾಗಿದ್ದರೆ ಮೀಟರಿನಲ್ಲಿ ನೂರಾರು ಕಿಲೋಓಮ್‌ನ ಪಾಟ್ ಮಾತ್ರ ಕಾಣುತ್ತಿತ್ತು.

ಹಂಬಕರ್‌ನಲ್ಲಿರುವ ಎರಡು ಸುರುಳಿಗಳ ಪೈಕಿ ಒಂದೇ ಕೆಲಸ ಮಾಡುತ್ತಿದ್ದರೆ ಎಳೆತಂತಿಯವರು ಹೇಳಿದ ಲಕ್ಷಣಗಳೆಲ್ಲ ಒಟ್ಟಿಗೆ ಬರುತ್ತವೆ. ಎರಡನೆಯ ಸುರುಳಿ ಇರುವುದೇ ಮೊದಲನೆಯದು ಹಿಡಿಯುವ 50 ಅಥವಾ 60 ಹರ್ಟ್ಸಿನ ವಿದ್ಯುತ್ ಗುಂಯ್‌ಗಾರವನ್ನು ಅಳಿಸುವುದಕ್ಕೆ. ಅದು ಹೊರಗುಳಿದರೆ ಗುಂಯ್‌ಗಾರ ಹಾಗೆಯೇ ಉಳಿಯುತ್ತದೆ, ಹೊರಬರುವ ಸದ್ದೂ ತಗ್ಗುತ್ತದೆ. ಪಿಕಪ್ಪಿನ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಸೇರಿ ಒಂದು ಅನುರಣನ ಶಿಖರವನ್ನು, ಅಂದರೆ ಸ್ವರ ಎಲ್ಲಕ್ಕಿಂತ ಎದ್ದು ಕೇಳುವ ಕಂಪನಾಂಕವನ್ನು ಕೊಡುತ್ತವೆ. 4 ಹೆನ್ರಿ ಮತ್ತು 600 ಪಿಕೋಫ್ಯಾರಡ್ ಎಂದು ಹಿಡಿದರೆ ಅದು 3.2 ಕಿಲೋಹರ್ಟ್ಸಿನ ಸುತ್ತ ಇರುತ್ತದೆ, ಇಂಡಕ್ಟೆನ್ಸ್ ಅರ್ಧಕ್ಕೆ ಇಳಿದರೆ 4.6 ಕಿಲೋಹರ್ಟ್ಸಿನ ಕಡೆಗೆ ಏರುತ್ತದೆ. ನಿಮಗೆ ತಗಡಿನ ಸದ್ದು ಕೇಳಿಸುತ್ತಿರುವುದು ಇದರಿಂದಲೇ ಎಂದು ನನ್ನ ನಂಬಿಕೆ.

ಈಗ ಆಂಪಿಗೆ ಕೇಬಲ್ ಕೊಟ್ಟು, ವಾಲ್ಯೂಮ್ ಕಡಿಮೆಯಿಟ್ಟು, ಸ್ವಿಚ್ಚನ್ನು ಬ್ರಿಡ್ಜ್‌ಗೆ ಹಾಕಿ, ಸಣ್ಣ ಸ್ಕ್ರೂ ಡ್ರೈವರಿನ ತುದಿಯಿಂದ ಪಿಕಪ್ಪಿನ ಎರಡು ಸಾಲುಗಳ ಲೋಹದ ಕಂಬಗಳನ್ನು ಮೆಲ್ಲಗೆ ತಟ್ಟಿ ನೋಡಿ. ಆಮೇಲೆ ಪಿಕಪ್ಪನ್ನು ಹೊರತೆಗೆದು, ಅದರ ತಂತಿಗಳ ಬಣ್ಣ ಯಾವುದು, ಯಾವುದು ಎಲ್ಲಿಗೆ ಹೋಗಿದೆ, ಬೆನ್ನಿನ ಮೇಲೆ ಯಾವ ಹೆಸರಿದೆ ಎಂದು ಬರೆಯಿರಿ.

ಬೆಸುಗೆಕಡ್ಡಿ:
500ಕೆ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಪಾಟ್ 500 ಇರುವುದಿಲ್ಲ. ಶೇಕಡಾ 20ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಪಾಟನ್ನೂ ಬಿಚ್ಚಿ ಅಳೆಯುವುದು ಒಳ್ಳೆಯದು.

ನಡುಫ್ರೆಟ್:
600 ಆಗಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. ಒಂದೊಂದಾಗಿ ನೋಡೋಣ.

ಎಳೆತಂತಿ:
ನೆಕ್ ಕಡೆಗಿನ ಸಾಲನ್ನು ತಟ್ಟಿದರೆ ಆಂಪಿನಲ್ಲಿ ‘ಟಕ್’ ಎಂದು ಸ್ಪಷ್ಟವಾಗಿ ಕೇಳುತ್ತದೆ, ಇನ್ನೊಂದು ಸಾಲನ್ನು ತಟ್ಟಿದರೆ ಕಿವಿಗೊಟ್ಟು ಕೇಳಬೇಕಾದಷ್ಟು ಕ್ಷೀಣ. ಬೆನ್ನಿನ ಮೇಲೆ ಸೀಮೋರ್ ಡಂಕನ್ ಎಂದಿದೆ. ಕೆಂಪು ತಂತಿ ಸ್ವಿಚ್ಚಿಗೆ ಹೋಗಿದೆ. ಕಪ್ಪು ಮತ್ತು ಬಿಳಿ ತಂತಿಗಳನ್ನು ಒಟ್ಟಿಗೆ ಬೆಸೆದು ಟೇಪ್ ಸುತ್ತಿದ್ದಾರೆ. ಹಸಿರು ತಂತಿಯೂ ಹೊದಿಕೆಯಿಲ್ಲದ ತಂತಿಯೂ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಬೆಸೆದಿವೆ. ಬೆಸುಗೆಯೆಲ್ಲ ಹೊಳಪಾಗಿದೆ, ಅಚ್ಚುಕಟ್ಟಾಗಿದೆ.

ಸುರುಳಿಸುತ್ತು:
ಬೆಸುಗೆ ಅಚ್ಚುಕಟ್ಟಾಗಿಯೇ ಇದೆ, ಆದರೆ ಅನುಸರಿಸಿರುವುದು ಬೇರೆ ಕಂಪನಿಯ ಬಣ್ಣದ ಪಟ್ಟಿಯನ್ನು. ಕೆಂಪು ಸ್ವಿಚ್ಚಿಗೆ, ಕಪ್ಪು ಬಿಳಿ ಜೋಡಿ, ಹಸಿರು ಗ್ರೌಂಡಿಗೆ (ಇಲ್ಲಿ ಪಾಟ್‌ನ ಬೆನ್ನಿಗೆ) ಎಂಬುದು ಡಿಮಾರ್ಜಿಯೊ ಪಿಕಪ್ಪಿನ ಕ್ರಮ. ಡಂಕನ್‌ನಲ್ಲಿ ಕಪ್ಪು ಮತ್ತು ಬಿಳಿ ಒಂದೇ ಸುರುಳಿಯ ಎರಡು ತುದಿಗಳು, ಕೆಂಪು ಮತ್ತು ಹಸಿರು ಇನ್ನೊಂದರವು. ನಿಮ್ಮ ಗಿಟಾರಿನಲ್ಲಿ ಕಪ್ಪು ಬಿಳಿಯನ್ನು ಒಂದಕ್ಕೊಂದು ಬೆಸೆದಿರುವುದರಿಂದ ಆ ಸುರುಳಿ ತನ್ನೊಳಗೇ ಮುಚ್ಚಿಕೊಂಡು ಸುಮ್ಮನೆ ಕುಳಿತಿದೆ, ಕೆಂಪು ಹಸಿರಿನ ಸುರುಳಿಯೊಂದೇ ನುಡಿಯುತ್ತಿದೆ.

ಪಿಕಪ್ ಕೆಟ್ಟಿಲ್ಲ, ಹೊಸದು ಬೇಕಾಗಿಲ್ಲ. ಕಪ್ಪನ್ನು ಸ್ವಿಚ್ಚಿಗೆ ಬೆಸೆಯಿರಿ, ಕೆಂಪು ಮತ್ತು ಬಿಳಿಯನ್ನು ಒಂದಕ್ಕೊಂದು ಬೆಸೆದು ಹೀಟ್ ಶ್ರಿಂಕ್ ಕೊಳವೆ ತೊಡಿಸಿ, ಹಸಿರು ಮತ್ತು ಹೊದಿಕೆಯಿಲ್ಲದ ತಂತಿಯನ್ನು ಈಗಿರುವಂತೆಯೇ ಗ್ರೌಂಡಿನಲ್ಲಿ ಬಿಡಿ. ಪಾಟ್‌ನ ಬೆನ್ನನ್ನು ಮತ್ತೆ ಕಾಯಿಸುವ ಅಗತ್ಯವೇ ಬರುವುದಿಲ್ಲ. ಹಳೆಯ ಟೇಪನ್ನು ಮತ್ತೆ ಬಳಸಬೇಡಿ, ಅದರ ಅಂಟು ಜಾರಿ ತಂತಿ ಗ್ರೌಂಡಿಗೆ ತಗುಲಿದರೆ ಒಂದು ಸುರುಳಿ ಮತ್ತೆ ಮೌನವಾಗುತ್ತದೆ.

ಹಳೆಮರ:
ಬಳಸಿದ ಗಿಟಾರಿನಲ್ಲಿ ಪಿಕಪ್ ಬದಲಾಗಿದೆ ಎಂದು ಮಾರುವವರೇ ಹೇಳಿದರೆ, ಮುಚ್ಚಳ ತೆಗೆಸಿ ಒಳಗೆ ನೋಡದೆ ಹಣ ಕೊಡಬಾರದು. ಡಿಸ್ಟಾರ್ಷನ್ ಹಾಕಿ ನುಡಿಸಿ ತೋರಿಸಿದರೆ ಅರ್ಧ ಪಿಕಪ್ ಕೂಡ ಪೂರ್ತಿಯಾಗಿಯೇ ಕೇಳುತ್ತದೆ. ಕೊಳ್ಳುವಾಗ ಡಿಸ್ಟಾರ್ಷನ್ ಇಲ್ಲದೆ, ಸ್ವಿಚ್ಚಿನ ಪ್ರತಿ ಸ್ಥಾನದಲ್ಲಿ, ವಾಲ್ಯೂಮ್ ಅರ್ಧಕ್ಕೆ ಇಳಿಸಿಯೂ ಕೇಳಬೇಕು. ಈ ವಿಷಯದಲ್ಲಿ ಮೀಟರ್ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಪಿಕಪ್ ಆರಿಸುವ ವಿಷಯದಲ್ಲಿ ಒಪ್ಪುವುದಿಲ್ಲ.

ಎಳೆತಂತಿ:
ಸುರುಳಿಸುತ್ತು ಅವರು ಹೇಳಿದಂತೆ ಬೆಸೆದೆ. ಬ್ರಿಡ್ಜ್ ಈಗ 8.1 ಕಿಲೋಓಮ್ ತೋರಿಸುತ್ತಿದೆ, ಗುಂಯ್ ಸದ್ದು ನಿಂತಿದೆ, ಎರಡು ಸಾಲುಗಳನ್ನೂ ತಟ್ಟಿದರೆ ಒಂದೇ ಸಮನಾಗಿ ಕೇಳುತ್ತದೆ. ಕೆಳಗಿನ ತಂತಿಗಳಲ್ಲಿ ಇಷ್ಟು ದಪ್ಪ ಸ್ವರ ಈ ಗಿಟಾರಿನಲ್ಲಿ ಅಡಗಿತ್ತು ಎಂದು ನಂಬುವುದೇ ಕಷ್ಟವಾಗುತ್ತಿದೆ. ಆದರೆ ಸ್ವಿಚ್ಚನ್ನು ನಡುವಿಗೆ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸಿದರೆ ಮೂಗಿನಿಂದ ಮಾತಾಡಿದ ಹಾಗೆ ಕೇಳುತ್ತದೆ, ಒಂದೊಂದೇ ಪಿಕಪ್ಪಿಗಿಂತ ಸದ್ದೂ ಕಡಿಮೆ. ನೆಕ್ ಪಿಕಪ್ಪಿಗೆ ಇರುವುದು ಲೋಹದ ಜಾಲರಿ ಹೊದ್ದ ಒಂದೇ ತಂತಿ.

ಸುರುಳಿಸುತ್ತು:
ಎರಡು ಪಿಕಪ್‌ಗಳು ಈಗ ಎದುರು ಫೇಸಿನಲ್ಲಿವೆ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ, ಬೇರೆ ಬೇರೆ ಕಂಪನಿಯವು ಸೇರಿದಾಗ ಹೀಗಾಗುವುದುಂಟು. ನೆಕ್ ಪಿಕಪ್ಪನ್ನು ಮುಟ್ಟಬೇಡಿ. ಅದರ ಜಾಲರಿಯೇ ಗ್ರೌಂಡ್ ಆಗಿರುವುದರಿಂದ ತಂತಿಯನ್ನು ತಿರುಗುಮುರುಗು ಮಾಡಿ ಬೆಸೆದರೆ ಹೊದಿಕೆಯೆಲ್ಲ ಸಿಗ್ನಲ್ ಆಗಿ ಗುಂಯ್ ಸದ್ದು ಮರಳುತ್ತದೆ. ಬ್ರಿಡ್ಜಿನಲ್ಲಿ ನಾಲ್ಕು ತಂತಿಗಳಿರುವುದು ಇಲ್ಲಿ ಅನುಕೂಲ. ಹಸಿರನ್ನು ಸ್ವಿಚ್ಚಿಗೆ, ಕಪ್ಪನ್ನು ಗ್ರೌಂಡಿಗೆ ಅದಲುಬದಲು ಮಾಡಿ. ಕೆಂಪು ಬಿಳಿ ಜೋಡಿ ಹಾಗೆಯೇ ಇರಲಿ. ಹೊದಿಕೆಯಿಲ್ಲದ ತಂತಿ ಯಾವ ಕಾರಣಕ್ಕೂ ಗ್ರೌಂಡ್ ಬಿಟ್ಟು ಬರಬಾರದು.

ಹಳೆಮರ:
ಅದಲುಬದಲು ಮಾಡುವ ಮೊದಲು ಆ ಸ್ವರವನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಹೆಸರಾದದ್ದೇ ನಡುವಿನ ಸ್ಥಾನದ ಈ ಎದುರು ಫೇಸಿನ ಸ್ವರದಿಂದ. ಅದರ ನೆಕ್ ಪಿಕಪ್ಪಿನಲ್ಲಿ ಅಯಸ್ಕಾಂತ ತಿರುಗುಮುರುಗಾಗಿತ್ತು. ಬ್ಲೂಸ್ ನುಡಿಸುವವರಿಗೆ ಅದು ದೋಷವಲ್ಲ.

ನಡುಫ್ರೆಟ್:
ಅವರ ಗಿಟಾರಿನಲ್ಲಿ ಪ್ರತಿ ಪಿಕಪ್ಪಿಗೂ ಪ್ರತ್ಯೇಕ ವಾಲ್ಯೂಮ್ ಇತ್ತು, ಒಂದನ್ನು ಇಳಿಸಿ ಎಷ್ಟು ಬೇಕೋ ಅಷ್ಟು ಹೊಂದಿಸಿಕೊಳ್ಳಬಹುದಿತ್ತು. ಇಲ್ಲಿ ಒಂದೇ ವಾಲ್ಯೂಮ್ ಇರುವುದರಿಂದ ಆ ಸೌಕರ್ಯ ಇಲ್ಲ.

ಬೆಸುಗೆಕಡ್ಡಿ:
ಪಾಟ್‌ಗಳ ಮೌಲ್ಯ ಮತ್ತು ಸ್ವರದ ಬಗ್ಗೆ ನಾನು ಅಳೆದ ಅಂಕಿಗಳನ್ನೆಲ್ಲ ಸೇರಿಸಿ ಪ್ರತ್ಯೇಕ ಎಳೆ ಆರಂಭಿಸಿದ್ದೇನೆ. ಆ ಚರ್ಚೆ ಅಲ್ಲಿ ಮುಂದುವರಿಯಲಿ.

ಎಳೆತಂತಿ:
ಹಸಿರು ಕಪ್ಪು ಅದಲುಬದಲು ಮಾಡಿದೆ. ನಡುವಿನ ಸ್ಥಾನ ಈಗ ತುಂಬಿ ಬರುತ್ತಿದೆ, ಗುಂಯ್ ಸದ್ದು ಇಲ್ಲ. ಬ್ರಿಡ್ಜ್ ಈಗ ನೆಕ್‌ಗಿಂತ ಸ್ವಲ್ಪ ಮುಂದಾಗಿದ್ದರಿಂದ ಅದನ್ನು ಅರ್ಧ ಸುತ್ತು ಕೆಳಗಿಳಿಸಿದ್ದೇನೆ. ಹೊಸ ಪಿಕಪ್ ಕೊಳ್ಳುತ್ತಿಲ್ಲ. ಒಂದೇ ಒಂದು ಸಂದೇಹ ಉಳಿದಿದೆ: ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಳಿಸಿದಾಗ ಎರಡು ಪಿಕಪ್‌ಗಳಲ್ಲಿಯೂ ಸ್ವರ ಮಂಕಾಗುತ್ತದೆ. ಇದು ಸಹಜವೇ, ಅಥವಾ ಇದಕ್ಕೂ ಏನಾದರೂ ಮಾಡಬಹುದೇ?

ಸುರುಳಿಸುತ್ತು:
ಸಹಜ. ವಾಲ್ಯೂಮ್ ಇಳಿಸಿದಾಗ ಪಾಟ್‌ನ ರೋಧ ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಬಂದು, ಕೇಬಲ್ಲಿನ ಕೆಪಾಸಿಟೆನ್ಸ್ ಮೇಲಿನ ಕಂಪನಾಂಕಗಳನ್ನು ನುಂಗುತ್ತದೆ. ಮೊದಲು ಉದ್ದ ಕಡಿಮೆಯಿರುವ ಕೇಬಲ್ ಹಾಕಿ ನೋಡಿ. ಸಾಲದಿದ್ದರೆ ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿಗೂ ಹೊರಹೋಗುವ ಕಾಲಿಗೂ ನಡುವೆ ಸುಮಾರು 1000 ಪಿಕೋಫ್ಯಾರಡ್ ಕೆಪಾಸಿಟರನ್ನು 150 ಕಿಲೋಓಮ್ ರೆಸಿಸ್ಟರಿನ ಜೊತೆ ಸಮಾನಾಂತರವಾಗಿ ಬೆಸೆಯಬಹುದು. ಮೊದಲು ಮೊಸಳೆ ಕ್ಲಿಪ್‌ಗಳಿಂದ ಸಿಕ್ಕಿಸಿ ಕೇಳಿ, ಕಿವಿಗೆ ಒಪ್ಪಿದರೆ ಮಾತ್ರ ಬೆಸೆಯಿರಿ.